ಸುಸ್ಥಿರತೆಗೆ ಅಂತ ಬೇರೆ ಫೈಲ್ ಮಾಡಬೇಡಿ

ಪ್ರಶ್ನೆ: ನಮ್ಮದು ಅಲ್ಯೂಮಿನಿಯಂ ಬಿಡಿಭಾಗ ಎರಕ ಹೊಯ್ಯುವ ಮಧ್ಯಮ ಗಾತ್ರದ ಕಂಪನಿ. ಸುಮಾರು 300 ಜನ ಇದ್ದೇವೆ. ನಾನು ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನಮ್ಮ ದೊಡ್ಡ ಗ್ರಾಹಕ ಕಂಪನಿಯೊಂದು ಪರಿಸರ, ಕಾರ್ಬನ್, ಕಾರ್ಮಿಕರ ಬಗ್ಗೆ ಉದ್ದನೆಯ ಪ್ರಶ್ನಾವಳಿ ಕಳಿಸಿದೆ. ಅದನ್ನು ನೋಡಿದ ನಮ್ಮ ಎಂ.ಡಿ. ‘ಮೂರು ತಿಂಗಳಲ್ಲಿ ಐದು ವರ್ಷದ ಸಸ್ಟೇನಬಿಲಿಟಿ ಪ್ಲಾನ್ ಮಾಡಿಕೊಡಿ’ ಎಂದು ನನಗೆ ಹೇಳಿದ್ದಾರೆ. ಎಲ್ಲ ವಿಭಾಗದವರನ್ನೂ ಕೇಳಿ 43 ಐಡಿಯಾ ಕೂಡಿಹಾಕಿದ್ದೇನೆ. ಗಿಡ ನೆಡುವುದು, ಪ್ಲಾಸ್ಟಿಕ್ ಬಾಟಲಿ ನಿಲ್ಲಿಸುವುದು, ಚಾವಣಿ ಮೇಲೆ ಸೋಲಾರ್, ಕಾಗದ ಉಳಿಸುವುದು, ಹೀಗೆ. ಎಲ್ಲಿಂದ ಶುರು ಮಾಡಲಿ? ಇದರಿಂದ ನಿಜವಾಗಿ ಏನಾದರೂ ಬದಲಾಗುತ್ತದಾ, ಇಲ್ಲ ಕಪಾಟಿಗೆ ಇನ್ನೊಂದು ಫೈಲ್ ಸೇರುತ್ತದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಈಗಿರುವ ಪಟ್ಟಿಯನ್ನೇ ಚೆಂದ ಮಾಡಿ ಕೊಟ್ಟರೆ ಅದು ಫೈಲ್ ಆಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಕೆಟ್ಟ ಪಟ್ಟಿ ಅಂತ ಹೇಳುತ್ತಿಲ್ಲ. ನೀವು ಕಳಿಸಿದ 43 ಸಾಲನ್ನೂ ಒಂದೊಂದಾಗಿ ಓದಿದೆ. ಓದುವಾಗ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇದನ್ನು ಮಾಡಿದರೆ ಕಂಪನಿಯಲ್ಲಿ ಯಾರಿಗೆ ಸಿಟ್ಟು ಬರುತ್ತದೆ? 39ಕ್ಕೆ ಉತ್ತರ ‘ಯಾರಿಗೂ ಇಲ್ಲ’. ಗಿಡ ನೆಟ್ಟರೆ ಯಾರೂ ಜಗಳ ಮಾಡುವುದಿಲ್ಲ. ಬಾಟಲಿ ಬದಲು ಲೋಟ ಇಟ್ಟರೂ ಅಷ್ಟೇ. ಮಾಡಿ, ತಪ್ಪೇನಿಲ್ಲ. ಆದರೆ ಯಾರ ನಿರ್ಧಾರವನ್ನೂ ಬದಲಿಸದ ಕೆಲಸವನ್ನು ಐದು ವರ್ಷದ ಯೋಜನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡು. ಬಹಳ ವರ್ಷದ ಹಿಂದೆ ಒಂದು ಕಾರ್ಖಾನೆಗೆ 80 ಪುಟದ ಪ್ಲಾನ್ ಬರೆದುಕೊಟ್ಟಿದ್ದೆ. ಗ್ರಾಫ್, ಬಣ್ಣದ ಚಿತ್ರ ಎಲ್ಲ ಇತ್ತು. ಮುಂದಿನ ಐದು ವರ್ಷದಲ್ಲಿ ಕರೆಂಟ್ ಬಳಕೆಯನ್ನು ಎಷ್ಟೆಷ್ಟು ಇಳಿಸಬೇಕು ಅಂತ ವರ್ಷವಾರು ಲೆಕ್ಕವೂ ಇತ್ತು. ಎರಡು ವರ್ಷ ಬಿಟ್ಟು ಮತ್ತೆ ಹೋದೆ. ಹೊಸ ಕಂಪ್ರೆಸರ್ ಬಂದು ಕೂತಿತ್ತು. ಇದ್ದ ಕೊಟೇಶನ್‌ಗಳಲ್ಲಿ ಅಗ್ಗದ್ದು. ಕರೆಂಟ್ ಕುಡಿಯುವುದರಲ್ಲಿ ಎಲ್ಲಕ್ಕಿಂತ ಮುಂದು. ಪರ್ಚೇಸ್ ಮ್ಯಾನೇಜರ್ ಅವರನ್ನು ಕೇಳಿದೆ. ಅವರು ತಣ್ಣಗೆ, ‘ಸಾರ್, ಕಡಿಮೆ ರೇಟ್ ಯಾರದೋ ಅವರಿಗೇ ಆರ್ಡರ್ ಕೊಡಬೇಕು, ಅದು ನಮ್ಮ ನಿಯಮ’ ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ನನ್ನ 80 ಪುಟದಲ್ಲಿ ಆ ಒಂದು ಸಾಲಿನ ನಿಯಮವನ್ನು ಬದಲಿಸಿ ಅಂತ ಎಲ್ಲೂ ಬರೆದಿರಲಿಲ್ಲ. ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಗಿತ್ತು. ಅಂಥ ಯಂತ್ರ ಒಮ್ಮೆ ಕೂತರೆ ಹದಿನೈದು ವರ್ಷ ಅಲ್ಲಾಡುವುದಿಲ್ಲ.

ಹಾಗಾಗಿ ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ. ಸುಸ್ಥಿರತೆಗೆ ಅಂತ ಬೇರೆ ಫೈಲ್ ಮಾಡಬೇಡಿ. ಕಂಪನಿಯ ನಿಜವಾದ ನಿರ್ಧಾರಗಳು ಈಗಾಗಲೇ ಎಲ್ಲಿ ಆಗುತ್ತಿವೆಯೋ ಆ ಫೈಲಿನೊಳಗೆ ನುಗ್ಗಿ. ಅಂಥ ಜಾಗ ಜಾಸ್ತಿ ಇರುವುದಿಲ್ಲ. ಹೊಸ ಯಂತ್ರಕ್ಕೆ ದುಡ್ಡು ಮಂಜೂರು ಮಾಡುವ ಫಾರ್ಮ್, ಪರ್ಚೇಸ್ ನಿಯಮ, ಹೊಸ ಪಾರ್ಟ್‌ನ ಡ್ರಾಯಿಂಗ್ ಒಪ್ಪುವ ಮೀಟಿಂಗ್, ವರ್ಷದ ಕೊನೆಗೆ ಯಾರಿಗೆ ಎಷ್ಟು ಬೋನಸ್ ಎಂದು ಬರೆಯುವ ಹಾಳೆ. ಈ ನಾಲ್ಕರಲ್ಲಿ ಒಂದೂ ಬದಲಾಗದೆ ಇದ್ದರೆ ನಿಮ್ಮ ಪ್ಲಾನ್ ಎಷ್ಟೇ ಚೆನ್ನಾಗಿದ್ದರೂ ಕಂಪನಿ ಮೊದಲಿನ ದಾರಿಯಲ್ಲೇ ನಡೆಯುತ್ತದೆ.

ನಿಮ್ಮ ಹಾಗೆಯೇ ಗ್ರಾಹಕರ ಪ್ರಶ್ನೆಯಿಂದ ಬೆಚ್ಚಿಬಿದ್ದ ಕಂಪನಿಯೊಂದರ ಕಥೆ ಹೇಳುತ್ತೇನೆ. ಅಮೆರಿಕದ ಇಂಟರ್‌ಫೇಸ್, ಕಾರ್ಪೆಟ್ ಟೈಲ್ಸ್ ಮಾಡುವ ಕಂಪನಿ. 1994ರಲ್ಲಿ ‘ಪರಿಸರಕ್ಕೆ ನಿಮ್ಮ ಕಂಪನಿ ಏನು ಮಾಡುತ್ತಿದೆ?’ ಎಂದು ಗ್ರಾಹಕರು ಅದರ ಸೇಲ್ಸ್‌ನವರನ್ನು ಕೇಳತೊಡಗಿದರು. ಅಧ್ಯಕ್ಷ ರೇ ಆಂಡರ್ಸನ್ ಅವರ ಬಳಿ ಉತ್ತರ ಇರಲಿಲ್ಲ. ಕಾನೂನು ಪಾಲಿಸುತ್ತೇವೆ ಎನ್ನುವುದನ್ನು ಬಿಟ್ಟು ಹೇಳುವುದಕ್ಕೆ ಏನೂ ಇಲ್ಲ ಎಂದು ಅವರೇ ಆಮೇಲೆ ಒಪ್ಪಿಕೊಂಡರು. ನೈಲಾನ್ ಕಾರ್ಪೆಟ್ ಅಂದರೆ ಬಹುಪಾಲು ಪೆಟ್ರೋಲಿಯಂ, ಕಷ್ಟದ ಜಾಗ. ಅವರು ಮೊದಲು ಕೈ ಹಾಕಿದ್ದು ಗಿಡಕ್ಕಲ್ಲ, ‘ವೇಸ್ಟ್’ ಎಂಬ ಪದಕ್ಕೆ. ಗ್ರಾಹಕನಿಗೆ ಉಪಯೋಗವಾಗದೆ ನಾವು ಖರ್ಚು ಮಾಡುವ ಪ್ರತಿಯೊಂದೂ ವೇಸ್ಟ್ ಎಂದು ಹೊಸ ಅರ್ಥ ಕೊಟ್ಟರು. ಹಾಳಾದ ನೂಲೂ ವೇಸ್ಟ್, ತಪ್ಪಾದ ಬಿಲ್ಲೂ ವೇಸ್ಟ್. ಈ ಅರ್ಥ ಬಂದ ಕೂಡಲೇ ಅಕೌಂಟ್ಸ್‌ನವರೂ ಪರಿಸರದ ಕೆಲಸಕ್ಕೆ ಸಿಕ್ಕಿಕೊಂಡರು. ಅದೇ ಅದರ ಜಾಣತನ.

ಅದೇ ಕಂಪನಿಯ ಇನ್ನೊಂದು ಪ್ರಸಂಗ ನನಗೆ ಬಹಳ ಇಷ್ಟ. 1997ರಲ್ಲಿ ಶಾಂಘೈನಲ್ಲಿ ಹೊಸ ಫ್ಯಾಕ್ಟರಿ ಕಟ್ಟುತ್ತಿದ್ದರು. ಬಿಸಿ ದ್ರವ ಹರಿಸುವ ಒಂದು ಪೈಪಿನ ಜಾಲಕ್ಕೆ ಒಟ್ಟು 95 ಅಶ್ವಶಕ್ತಿಯ ಪಂಪುಗಳು ಬೇಕು ಎಂದು ಲೆಕ್ಕವಾಗಿತ್ತು. ಅವರ ಎಂಜಿನಿಯರ್ ಯಾನ್ ಸ್ಕಿಲ್‌ಹಾಮ್ ಎರಡೇ ಬದಲಾವಣೆ ಮಾಡಿದರು. ದಪ್ಪ ಪೈಪ್ ಹಾಕಿದರು. ಯಂತ್ರಗಳನ್ನು ಮೊದಲು ಎಲ್ಲೋ ಕೂರಿಸಿ ಆಮೇಲೆ ಪೈಪನ್ನು ಸುತ್ತಿ ಬಳಸಿ ಎಳೆಯುವ ಬದಲು, ಮೊದಲು ಪೈಪನ್ನು ನೇರ ಎಳೆದು ಆಮೇಲೆ ಯಂತ್ರ ಕೂರಿಸಿದರು. 95 ಇದ್ದದ್ದು 7 ಅಶ್ವಶಕ್ತಿಗೆ ಇಳಿಯಿತು. ಇದರಲ್ಲಿ ಹೊಸ ತಂತ್ರಜ್ಞಾನ ಏನೂ ಇಲ್ಲ. ಅಷ್ಟೇ ದ್ರವ ಹರಿಸುವಾಗ ಪೈಪಿನ ವ್ಯಾಸ ಎರಡರಷ್ಟಾದರೆ ಘರ್ಷಣೆಯ ನಷ್ಟ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಾಗುತ್ತದೆ, ಇದು ಹಳೇ ಪಾಠ. ಹಾಗಾದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಮಾಮೂಲಿ ಲೆಕ್ಕದಲ್ಲಿ ದಪ್ಪ ಪೈಪಿನ ಹೆಚ್ಚಿನ ಬೆಲೆಯನ್ನು ಉಳಿಯುವ ಕರೆಂಟಿನ ಜೊತೆ ಮಾತ್ರ ಹೋಲಿಸುತ್ತಾರೆ. ಪಂಪು, ಮೋಟಾರು, ವೈರಿಂಗ್ ಎಲ್ಲ ಚಿಕ್ಕದಾಗುವುದರಿಂದ ಉಳಿಯುವ ದುಡ್ಡು ಬೇರೆ ಯಾರದೋ ಶೀಟಿನಲ್ಲಿರುತ್ತದೆ. ಎರಡೂ ಶೀಟನ್ನು ಒಂದೇ ಮೇಜಿನ ಮೇಲೆ ತರುವವರು ಬೇಕು. ನಿಮ್ಮ ಎಂ.ಡಿ. ನಿಮಗೆ ಕೊಟ್ಟಿರುವುದು ಆ ಕೆಲಸವನ್ನೇ, ಅವರಿಗೆ ಅದು ಗೊತ್ತಿರಲಿ ಬಿಡಲಿ.

ಇಂಟರ್‌ಫೇಸ್ 2020ರೊಳಗೆ ಪರಿಸರದ ಮೇಲಿನ ಕೆಟ್ಟ ಪರಿಣಾಮವನ್ನು ಸೊನ್ನೆಗೆ ತರುತ್ತೇವೆ ಎಂದಿತ್ತು. 2019ರಲ್ಲಿ ಗುರಿ ಮುಟ್ಟಿದ್ದೇವೆ ಎಂದು ಘೋಷಿಸಿತು. ಆದರೆ ಅವರೂ ಎಡವಿದ್ದಾರೆ. ಕಾರ್ಪೆಟ್ ಮಾರುವ ಬದಲು ಬಾಡಿಗೆಗೆ ಕೊಡೋಣ, ಹಳೆಯದನ್ನು ನಾವೇ ವಾಪಸ್ ತಂದು ಮರುಬಳಕೆ ಮಾಡೋಣ ಎಂದು 1990ರ ದಶಕದಲ್ಲಿ ಹೊರಟರು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಓಡಲಿಲ್ಲ. ಯಾಕೆಂದರೆ ಗ್ರಾಹಕ ಕಂಪನಿಗಳಲ್ಲಿ ಕಾರ್ಪೆಟ್ ಕೊಳ್ಳುವ ದುಡ್ಡು ಬಂಡವಾಳದ ಬಜೆಟ್ಟಿನಲ್ಲಿ, ತಿಂಗಳ ಬಾಡಿಗೆ ಕಟ್ಟುವ ದುಡ್ಡು ದಿನದ ಖರ್ಚಿನ ಬಜೆಟ್ಟಿನಲ್ಲಿ. ಎರಡಕ್ಕೂ ಬೇರೆ ಬೇರೆ ಯಜಮಾನರು. ಒಳ್ಳೇ ಯೋಚನೆ ಒಂದು ಎಕ್ಸೆಲ್ ಶೀಟಿನ ಗೆರೆಗೆ ತಗುಲಿ ಬಿತ್ತು.

ಈಗ ನಿಮ್ಮ ವಿಷಯ. ಮೊದಲ ತಿಂಗಳು ಬರೀ ಅಳತೆಗೆ ಇಡಿ. ಕಾರ್ಬನ್ ಲೆಕ್ಕಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು 2001ರಲ್ಲಿ ಬಂದ ಜಿಎಚ್‌ಜಿ ಪ್ರೋಟೋಕಾಲ್, ಅಂದರೆ ಹಸಿರುಮನೆ ಅನಿಲಗಳನ್ನು ಲೆಕ್ಕ ಹಾಕುವ ನಿಯಮಾವಳಿ. ಪ್ರಶ್ನಾವಳಿಯಲ್ಲಿ ಸ್ಕೋಪ್ 1, 2, 3 ಅಂತ ಇರುವುದು ಅಲ್ಲಿಂದಲೇ. ಸ್ಕೋಪ್ 1 ಎಂದರೆ ನೀವೇ ಸುಡುವುದು: ಕುಲುಮೆಯ ಗ್ಯಾಸ್, ಜನರೇಟರ್ ಡೀಸೆಲ್, ಕಂಪನಿಯ ವಾಹನಗಳು. ಸ್ಕೋಪ್ 2 ಕೊಂಡ ಕರೆಂಟ್. ಸ್ಕೋಪ್ 3 ಎಂದರೆ ನಿಮ್ಮ ಗೇಟಿನ ಆಚೆ, ಆದರೆ ನಿಮ್ಮಿಂದಾಗಿ ಆಗುವುದು: ಲೋಹ ತಯಾರಾಗುವಾಗ, ಸಾಗಿಸುವಾಗ, ಗ್ರಾಹಕರು ಬಳಸುವಾಗ.

ಮೊದಲೆರಡು ಸುಲಭ, ಬಿಲ್‌ಗಳಿದ್ದರೆ ಸಾಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಕರೆಂಟಿಗಾದರೆ, ನಿಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಎಷ್ಟು ಕಾರ್ಬನ್ ಎಂಬ ಅಂಕಿಯನ್ನು ನೀವು ಬಳಸಿದ ಯೂನಿಟ್‌ಗಳಿಂದ ಗುಣಿಸಿ. ಜನ ಮರೆಯುವ ಒಂದು ಬಾಬ್ತು ಇದೆ, ಎ.ಸಿ. ಗ್ಯಾಸ್. ಆರ್-410ಎ ಎಂಬ ಅನಿಲ ಒಂದು ಕೆ.ಜಿ. ಸೋರಿದರೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ತಾಪ. ಸರಿಸುಮಾರು 740 ಲೀಟರ್ ಡೀಸೆಲ್ ಸುಟ್ಟ ಹಾಗೆ. ಎ.ಸಿ. ರಿಪೇರಿಯವರು ಕಳೆದ ವರ್ಷ ಎಷ್ಟು ಗ್ಯಾಸ್ ತುಂಬಿದರು ಎನ್ನುವ ಚೀಟಿ ಹುಡುಕಿ. ತುಂಬಿದಷ್ಟೂ ಮೊದಲು ಸೋರಿದ್ದೇ ತಾನೆ.

ಸ್ಕೋಪ್ 3 ನೋಡಿ ಹೆದರಬೇಡಿ. ಅದರಲ್ಲಿ 15 ಬಗೆಗಳಿವೆ. 15ಕ್ಕೂ ದಶಾಂಶ ಬಿಂದುವಿನ ತನಕ ಲೆಕ್ಕ ಹಾಕಲು ಕೂತರೆ ನಿಮ್ಮ ಮೂರು ತಿಂಗಳು ಅಲ್ಲೇ ಮುಗಿದುಹೋಗುತ್ತದೆ. ಅಂದಾಜು ಮಾಡಿ, ದೊಡ್ಡದು ಯಾವುದು ಅಂತ ಮಾತ್ರ ತಿಳಿದುಕೊಳ್ಳಿ. ನಿಮ್ಮಲ್ಲಿ ಅದು ಅಲ್ಯೂಮಿನಿಯಂ ಅಂತ ನಾನು ಬಿಲ್ ನೋಡದೆಯೇ ಹೇಳಬಲ್ಲೆ. ಅದಿರಿನಿಂದ ಒಂದು ಟನ್ ಅಲ್ಯೂಮಿನಿಯಂ ತೆಗೆಯಲು, ಬರೀ ಕರಗಿಸಿ ಬೇರ್ಪಡಿಸುವ ಹಂತದಲ್ಲೇ, ಸುಮಾರು 14,000 ಯೂನಿಟ್ ಕರೆಂಟ್ ಬೇಕು. ಆ ಕರೆಂಟ್ ಜಲವಿದ್ಯುತ್ತಾದರೆ ಒಂದು ಟನ್ ಲೋಹಕ್ಕೆ ನಾಲ್ಕು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲಾದರೆ 16ಕ್ಕೂ ಹೆಚ್ಚು. ಗುಜರಿಯಿಂದ ಕರಗಿಸಿ ಮಾಡಿದ ಅಲ್ಯೂಮಿನಿಯಂಗೆ ಇದರ ಶೇ. 5ರಷ್ಟು ಶಕ್ತಿ ಸಾಕು. ಅಂದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಗಟ್ಟಿಗಳ ನಡುವೆ ಅಷ್ಟು ಅಂತರ. ಎರಕದ ಮಿಶ್ರಲೋಹ ಎಷ್ಟೋ ಸಲ ಮರುಬಳಕೆಯದೇ ಆಗಿರುತ್ತದೆ, ಆದರೂ ಊಹೆ ಬೇಡ. ಪೂರೈಸುವವರನ್ನು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಈಗ ಒಂದು ಮಜಾ ನೋಡಿ. ನೀವು ಕ್ವಾಲಿಟಿಯವರು. ನಿಮ್ಮ ಮೇಜಿನ ಮೇಲೆ ದಿನಾ ರಿಜೆಕ್ಷನ್ ರಿಪೋರ್ಟ್ ಬರುತ್ತದೆ. ತಿರಸ್ಕರಿಸಿದ ಪ್ರತಿ ಪೀಸ್ ಹೊತ್ತುಕೊಂಡಿರುವುದೇನು? ಲೋಹ ಕರಗಿಸಿದ ಗ್ಯಾಸ್, ಮೆಷಿನ್ ತಿರುಗಿಸಿದ ಕರೆಂಟ್, ಗಾಳಿ, ನೀರು, ಆಳಿನ ಹೊತ್ತು. ‘ಮತ್ತೆ ಕುಲುಮೆಗೆ ಹಾಕ್ತೀವಲ್ಲ ಸಾರ್, ವೇಸ್ಟ್ ಎಲ್ಲಿ?’ ಎನ್ನುವವರು ನಿಮ್ಮಲ್ಲೂ ಇರುತ್ತಾರೆ. ಮತ್ತೆ ಕರಗಿಸಲು ಮತ್ತೆ ಗ್ಯಾಸ್ ಬೇಕು. ಪ್ರತಿ ಸಲವೂ ಸ್ವಲ್ಪ ಲೋಹ ಕಿಟ್ಟವಾಗಿ ಹೋಗುತ್ತದೆ. ಅದನ್ನು ತುಂಬಲು ಹೊಸ ಲೋಹ ಬೇಕು. ಅಂದರೆ ನಿಮ್ಮ ರಿಜೆಕ್ಷನ್ ಶೇಕಡಾ ಎನ್ನುವುದು ಕಂಪನಿಯ ಅತಿ ಮುಖ್ಯ ಪರಿಸರದ ಅಂಕಿಗಳಲ್ಲಿ ಒಂದು. ಅದು ನಿಮ್ಮ 43ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಯಾಕೆಂದರೆ ಪರಿಸರ ಎಂದ ಕೂಡಲೇ ನಾವೆಲ್ಲ ಕಿಟಕಿಯಾಚೆಗಿನ ಹಸಿರು ನೋಡುತ್ತೇವೆ, ಮೆಷಿನ್ ಪಕ್ಕದಲ್ಲಿ ರಿಜೆಕ್ಟ್ ಆದ ಪೀಸ್ ಬೀಳುವ ಕೆಂಪು ಡಬ್ಬಿ ನೋಡುವುದಿಲ್ಲ. ಹಳೇ ಕಂಪನಿಗಳಿಗೆ ಇದು ಹೊಳೆದು ಅರ್ಧ ಶತಮಾನವಾಯಿತು. 1975ರಲ್ಲೇ 3ಎಂ ಕಂಪನಿ, ಮಾಲಿನ್ಯ ಹುಟ್ಟಿದ ಮೇಲೆ ಶುದ್ಧ ಮಾಡುವ ಬದಲು ಹುಟ್ಟದಂತೆ ತಡೆದರೆ ದುಡ್ಡೂ ಉಳಿಯುತ್ತದೆ ಎಂದು ಒಂದು ಕಾರ್ಯಕ್ರಮ ಶುರು ಮಾಡಿತ್ತು.

ಅಳತೆ ಆದ ಮೇಲೆ ಆಯ್ಕೆ. ಪ್ರಶ್ನಾವಳಿಗಳಲ್ಲಿ ‘ಮೆಟೀರಿಯಾಲಿಟಿ’ ಎಂಬ ಪದ ಬರುತ್ತದೆ. ಅದರ ಹಿಂದೆ ಇರುವುದು ಎರಡು ಸಾದಾ ಪ್ರಶ್ನೆ. ನಮ್ಮಿಂದ ಹೊರಗಿನವರಿಗೆ ಏನಾಗುತ್ತಿದೆ? ಹೊರಗೆ ಆಗುವುದರಿಂದ ನಮಗೆ ಏನಾಗಬಹುದು? ಯುರೋಪಿನ ಒಕ್ಕೂಟ 2022ರಲ್ಲಿ ತಂದ ವರದಿ ನಿಯಮ ಎರಡನ್ನೂ ಕೇಳುತ್ತದೆ. 2023ರಲ್ಲಿ ಬಂದ ಐಎಫ್‌ಆರ್‌ಎಸ್ ಎಸ್1 ಮತ್ತು ಎಸ್2 ಎಂಬ ಅಂತರರಾಷ್ಟ್ರೀಯ ವರದಿ ಮಾನದಂಡಗಳು ಹೂಡಿಕೆದಾರರ ಕಣ್ಣಿನಿಂದ, ಮುಖ್ಯವಾಗಿ ಎರಡನೆಯದನ್ನು ನೋಡುತ್ತವೆ. ನಿಮ್ಮ ಗಾತ್ರಕ್ಕೆ ಇದರ ಕಾನೂನು ಬಿಗಿ ನೇರವಾಗಿ ತಾಕದೇ ಇರಬಹುದು. ನಿಮ್ಮ ಗ್ರಾಹಕರಿಗೆ ತಾಕುತ್ತಿರಬಹುದು, ಅದಕ್ಕೇ ಪ್ರಶ್ನಾವಳಿ ಇಳಿದು ನಿಮ್ಮ ಬಾಗಿಲಿಗೆ ಬಂದದ್ದು.

ಇಲ್ಲಿ ಕಾರ್ಬನ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ. ಕುಲುಮೆಯ ಪಕ್ಕದಲ್ಲಿ ನಿಲ್ಲುವವರ ಸೆಖೆ, ಸುಟ್ಟ ಗಾಯ, ಗುತ್ತಿಗೆಯವರ ಕೆಲಸದ ಗಂಟೆ, ಇವೂ ಯೋಜನೆಯ ಒಳಗೇ ಇರಬೇಕು. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ತಮ್ಮ ಬಟ್ಟೆ ಅಲ್ಲಿ ಹೊಲಿಯುತ್ತಿದ್ದರು ಎಂಬುದು ಕೆಲವು ಬ್ರ್ಯಾಂಡ್‌ಗಳಿಗೆ ಅವಶೇಷದಲ್ಲಿ ಲೇಬಲ್ ಸಿಕ್ಕ ಮೇಲೆ ಗೊತ್ತಾಯಿತು. ನಿಮ್ಮ ಉಪಗುತ್ತಿಗೆಯವರ ಶೆಡ್ಡಿಗೆ ನೀವು ಕೊನೆಯ ಸಲ ಹೋದದ್ದು ಯಾವಾಗ?

ಆಯ್ಕೆ ಮುಗಿದಾಗ ಮೂರು, ಹೆಚ್ಚೆಂದರೆ ನಾಲ್ಕು ವಿಷಯ ಉಳಿಯಲಿ. ನನ್ನ ಊಹೆಯಲ್ಲಿ ನಿಮಗೆ ಲೋಹ, ಕುಲುಮೆಯ ಶಕ್ತಿ, ಕಾರ್ಮಿಕರ ಸುರಕ್ಷತೆ. ಉಳಿದ ನಲವತ್ತನ್ನು ಕಸದ ಬುಟ್ಟಿಗೆ ಹಾಕಿ ಅನ್ನುತ್ತಿಲ್ಲ. ‘ಮಾಡುತ್ತಿರುತ್ತೇವೆ’ ಎಂದು ಒಂದು ಪುಟದಲ್ಲಿ ಬರೆದು ಮಾತು ಮುಗಿಸಿ.

ಗುರಿ ಇಡುವುದು ಹೇಗೆ ಎಂಬ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲೇ ಹೆಚ್ಚಿನವರು ಜಾರುವುದು.

ಒಂದು ಪೀಸಿಗೆ ಎಷ್ಟು ಕಾರ್ಬನ್ ಎಂಬುದು ಒಂದು ಬಗೆಯ ಗುರಿ. ಒಟ್ಟು ಎಷ್ಟು ಎಂಬುದು ಇನ್ನೊಂದು. ಪೀಸಿನ ಲೆಕ್ಕ ಶೇ. 20 ಇಳಿದು ಉತ್ಪಾದನೆ ಶೇ. 50 ಏರಿದರೆ ಒಟ್ಟು ಹೊಗೆ ಶೇ. 20 ಜಾಸ್ತಿಯೇ ಆಗುತ್ತದೆ. ವರದಿಯಲ್ಲಿ ಮಾತ್ರ ಇಳಿಯುವ ಗೆರೆ ಕಾಣುತ್ತದೆ. ಎರಡನ್ನೂ ಬರೆಯಿರಿ, ಮುಚ್ಚಿಡಬೇಡಿ. ವಿಜ್ಞಾನಕ್ಕೆ ಹೊಂದುವ ಗುರಿ ಎಂದು ತಪಾಸಣೆ ಮಾಡಿಕೊಡುವ ಎಸ್‌ಬಿಟಿಐ ಎಂಬ ವ್ಯವಸ್ಥೆ 2015ರಿಂದ ಇದೆ. ಭೂಮಿಯ ತಾಪ ಏರಿಕೆ 1.5 ಡಿಗ್ರಿಯೊಳಗೆ ನಿಲ್ಲಬೇಕಾದರೆ ಸ್ಕೋಪ್ 1 ಮತ್ತು 2ರ ಒಟ್ಟು ಮೊತ್ತ ಪ್ರತಿ ವರ್ಷ, ಮೊದಲ ವರ್ಷದ ಅಂಕಿಯ ಶೇ. 4.2ರಷ್ಟಾದರೂ ಇಳಿಯಬೇಕು ಎನ್ನುವುದು ಅದರಲ್ಲಿ ಬಹಳ ಬಳಕೆಯಾದ ಅಳತೆಗೋಲು. ಐದು ವರ್ಷಕ್ಕೆ ಶೇ. 21. ನಿಮ್ಮ ಗುರಿ ಇದಕ್ಕಿಂತ ಮೇಲಿದೆಯಾ ಕೆಳಗಿದೆಯಾ ಎಂದು ನೋಡಿಕೊಳ್ಳಲು ಇದು ಸಾಕು.

ದೊಡ್ಡವರು ಎಲ್ಲಿ ಎಡವಿದರು ಅಂತಲೂ ನೋಡಿ. ಯೂನಿಲಿವರ್ 2010ರಲ್ಲಿ, ತನ್ನ ಸಾಮಾನುಗಳ ತಯಾರಿ ಮತ್ತು ಬಳಕೆಯಿಂದ ಪರಿಸರಕ್ಕಾಗುವ ಹೊರೆಯನ್ನು 2020ರೊಳಗೆ ಅರ್ಧಕ್ಕೆ ಇಳಿಸುತ್ತೇನೆ ಎಂದಿತು. ಆಮೇಲೆ ಗಡುವನ್ನು 2030ಕ್ಕೆ ದೂಡಿತು. ಸ್ವಂತ ಫ್ಯಾಕ್ಟರಿಗಳಲ್ಲಿ ಅದು ಚೆನ್ನಾಗೇ ಮಾಡಿತ್ತು. ತೊಡಕಾದದ್ದು ಜನರ ಬಚ್ಚಲುಮನೆಯಲ್ಲಿ. ಶಾಂಪೂವಿನ ಕಾರ್ಬನ್ ಲೆಕ್ಕದಲ್ಲಿ ದೊಡ್ಡ ಪಾಲು ಸ್ನಾನದ ನೀರು ಕಾಯಿಸುವುದರದ್ದು. ಎಷ್ಟು ಹೊತ್ತು ಸ್ನಾನ ಮಾಡಬೇಕು ಅಂತ ಯಾವ ಕಂಪನಿ ಹೇಳೀತು? ನಿಮ್ಮ ಪ್ಲಾನ್‌ನಲ್ಲಿ ನಿಮ್ಮ ಕೈಯಲ್ಲಿರುವುದನ್ನೂ ಬರೀ ಪ್ರಭಾವ ಬೀರಬಹುದಾದದ್ದನ್ನೂ ಬೇರೆ ಬೇರೆ ಬರೆಯಿರಿ. ಎರಡಕ್ಕೂ ಒಂದೇ ಥರದ ಮಾತು ಕೊಡಬೇಡಿ.

ಮೈಕ್ರೋಸಾಫ್ಟ್‌ನದು ಇನ್ನೂ ಪಾಠ ಕಲಿಸುವ ಕಥೆ. ಅದರಲ್ಲಿ 2012ರಿಂದಲೇ ಪ್ರತಿ ವಿಭಾಗವೂ ತಾನು ಬಿಡುವ ಕಾರ್ಬನ್ನಿಗೆ ಕಂಪನಿಯೊಳಗೇ ಶುಲ್ಕ ಕಟ್ಟುವ ಪದ್ಧತಿ ಇದೆ. 2020ರಲ್ಲಿ, 2030ರ ಹೊತ್ತಿಗೆ ಬಿಟ್ಟದ್ದಕ್ಕಿಂತ ಜಾಸ್ತಿ ಕಾರ್ಬನ್ ವಾಪಸ್ ತೆಗೆಯುತ್ತೇವೆ ಎಂದು ಹೇಳಿತು. 2024ರ ಅದರ ಸ್ವಂತ ವರದಿಯ ಪ್ರಕಾರ ಒಟ್ಟು ಮೊತ್ತ 2020ಕ್ಕಿಂತ ಸುಮಾರು ಶೇ. 29 ಮೇಲಕ್ಕೆ ಹೋಗಿತ್ತು. ಸ್ಕೋಪ್ 1 ಮತ್ತು 2 ಇಳಿದಿದ್ದವು. ಏರಿದ್ದು ಸ್ಕೋಪ್ 3. ಹೊಸ ಡೇಟಾ ಸೆಂಟರ್‌ಗಳಿಗೆ ಬೇಕಾದ ಕಾಂಕ್ರೀಟು, ಉಕ್ಕು, ಕಂಪ್ಯೂಟರ್ ಚಿಪ್‌ಗಳು ಅದರಲ್ಲಿ ದೊಡ್ಡ ಕಾರಣ. ಒಂದು ಕೋಣೆಯಲ್ಲಿ ಕಾರ್ಬನ್ ಇಳಿಸುವ ಯೋಜನೆ, ಇನ್ನೊಂದು ಕೋಣೆಯಲ್ಲಿ ವ್ಯಾಪಾರ ಬೆಳೆಸುವ ಯೋಜನೆ. ಬೆಳೆಸುವುದು ಗೆದ್ದಿತು. ಇದನ್ನು ಅವರು ಬಚ್ಚಿಡದೆ ಬರೆದದ್ದು ಮೆಚ್ಚಬೇಕಾದ್ದೇ. ನಿಮ್ಮ ಎಂ.ಡಿ. ಅವರನ್ನು ಒಂದು ಮಾತು ಕೇಳಿ: ಐದು ವರ್ಷದಲ್ಲಿ ಉತ್ಪಾದನೆ ಎಷ್ಟು ಏರಿಸಬೇಕು ಅಂತ ಇದ್ದೀರಿ? ಆ ಅಂಕಿ ಸಿಗದೆ ನಿಮ್ಮ ಗುರಿ ಬರೆಯಬೇಡಿ.

ದುಡ್ಡಿನ ಮಾತಿಗೆ ಬರೋಣ. ನಿಮ್ಮಲ್ಲಿ ಹೊಸ ಯಂತ್ರಕ್ಕೆ ‘ಹಾಕಿದ ದುಡ್ಡು ಎರಡು ವರ್ಷದಲ್ಲಿ ವಾಪಸ್ ಬರಬೇಕು’ ಎನ್ನುವಂಥ ನಿಯಮ ಇದ್ದೇ ಇರುತ್ತದೆ. ಹದಿನೈದು ವರ್ಷ ಓಡುವ ಯಂತ್ರವನ್ನು ಎರಡು ವರ್ಷದ ತಕ್ಕಡಿಯಲ್ಲಿ ತೂಗಿದರೆ ಅಗ್ಗದ್ದೇ ಗೆಲ್ಲುತ್ತದೆ. ಹಗಲೂ ರಾತ್ರಿ ಓಡುವ ಮೋಟಾರಿನ ಜೀವಮಾನದ ಖರ್ಚಿನಲ್ಲಿ ಕೊಂಡ ಬೆಲೆಯ ಪಾಲು ನೂರಕ್ಕೆ ಕೆಲವೇ ಭಾಗ, ಉಳಿದದ್ದೆಲ್ಲ ಹೆಚ್ಚುಕಡಿಮೆ ಕರೆಂಟ್. ಹಾಗಾಗಿ ಫಾರ್ಮ್‌ನಲ್ಲಿ ‘ಬೆಲೆ’ ಎಂಬ ಕಾಲಂ ಪಕ್ಕ ‘ಹತ್ತು ವರ್ಷದ ಕರೆಂಟ್ ಸೇರಿ ಬೆಲೆ’ ಎಂಬ ಇನ್ನೊಂದು ಕಾಲಂ ಹಾಕಿಸಿ. ಅಷ್ಟೇ. ನನ್ನ ಅನುಭವದಲ್ಲಿ ಈ ಒಂದು ಕಾಲಂ ಮಾಡುವ ಕೆಲಸವನ್ನು ನೂರು ಪೋಸ್ಟರ್ ಮಾಡುವುದಿಲ್ಲ. ಪರ್ಚೇಸ್‌ನವರ ಬೋನಸ್ ಬರೀ ‘ಕಡಿಮೆ ರೇಟಿಗೆ ಕೊಂಡರು’ ಎಂಬುದರ ಮೇಲೆ ನಿಂತಿದ್ದರೆ ಅದನ್ನೂ ಸ್ವಲ್ಪ ಬದಲಿಸಬೇಕಾಗುತ್ತದೆ. ಇಲ್ಲದಿದ್ದರೆ ಅವರು ಕಾಲಂ ತುಂಬಿಸುತ್ತಾರೆ, ಓದುವುದಿಲ್ಲ. ಇಲ್ಲೇ ಯಾರಿಗಾದರೂ ಸಿಟ್ಟು ಬರುವುದು. ಬರಲಿ.

ಬೇಗ ಫಲ ಕೊಡುವ ಕೆಲಸಗಳಿಂದ ಮೊದಲ ವರ್ಷದ ದುಡ್ಡು ಹುಟ್ಟಿಸಿಕೊಳ್ಳಿ. ಕಂಪ್ರೆಸರ್ ಗಾಳಿ ಎಲ್ಲರೂ ಪುಕ್ಕಟೆ ಅಂದುಕೊಳ್ಳುವ, ಆದರೆ ಫ್ಯಾಕ್ಟರಿಯಲ್ಲೇ ದುಬಾರಿಯಾದ ಶಕ್ತಿ. ಹಾಕಿದ ಕರೆಂಟಿನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲಷ್ಟೇ ಉಪಯೋಗಕ್ಕೆ ಬರುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ನಿಗಾ ಇಲ್ಲದ ಕಡೆ ಶೇ. 20ರಿಂದ 30ರಷ್ಟು ಗಾಳಿ ಲೀಕ್ ಆಗುವುದು ಮಾಮೂಲು. ಒತ್ತಡವನ್ನು ಒಂದು ಬಾರ್ ಇಳಿಸಿದರೆ ಸುಮಾರು ಶೇ. 7 ಕರೆಂಟ್ ಉಳಿಯುತ್ತದೆ. ಫ್ಯಾನ್, ಪಂಪಿನ ವೇಗ ಶೇ. 20 ತಗ್ಗಿಸಿದರೆ ಕರೆಂಟ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದರಲ್ಲಿ ಉಳಿದ ದುಡ್ಡು ಸಾಮಾನ್ಯ ಖಾತೆಗೆ ಸೇರಿ ಕರಗಿಹೋಗುವ ಮೊದಲೇ, ಅದರ ಒಂದು ಭಾಗ ಮುಂದಿನ ವರ್ಷದ ಕಷ್ಟದ ಕೆಲಸಕ್ಕೆ, ಅಂದರೆ ಕುಲುಮೆ ಬದಲಿಸುವುದಕ್ಕೆ, ಮೀಸಲು ಎಂದು ಅಕೌಂಟ್ಸ್‌ನಿಂದ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಸೋಲಾರ್ ಹಾಕಿ, ಆದರೆ ಇದೆಲ್ಲ ಆದ ಮೇಲೆ. ಸೋರುವ ಗಾಳಿಗೆ ಸೋಲಾರ್ ಕರೆಂಟ್ ಉಣಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ಪರಿಸರ ನಿರ್ವಹಣೆಗೆ ಕೊಡುವ ಐಎಸ್‌ಒ 14001 ಸರ್ಟಿಫಿಕೇಟ್ ಬಗ್ಗೆಯೂ ಒಂದು ಮಾತು. ತೆಗೆದುಕೊಳ್ಳಿ, ಗ್ರಾಹಕರು ಕೇಳುತ್ತಾರೆ. ಆದರೆ ಅದು ನಿಮ್ಮಲ್ಲಿ ಒಂದು ಪದ್ಧತಿ ಇದೆ, ಅದನ್ನು ಸುಧಾರಿಸುತ್ತಾ ಇದ್ದೀರಿ ಎಂದು ನೋಡುತ್ತದೆ. ಹೊಗೆ ಇಷ್ಟಕ್ಕೇ ಇಳಿಯಬೇಕು ಅಂತ ಅದರಲ್ಲಿ ಇಲ್ಲ.

ಪ್ರಶ್ನಾವಳಿ ತುಂಬುವಾಗ ಗೊತ್ತಿಲ್ಲದ್ದಕ್ಕೆ ‘ಇನ್ನೂ ಅಳೆದಿಲ್ಲ, ಈ ತಿಂಗಳಿಂದ ಅಳೆಯುತ್ತೇವೆ’ ಎಂದು ಬರೆಯಿರಿ. ಅಂಕಿ ಇಲ್ಲದ ಕಡೆ ‘ಪರಿಸರಸ್ನೇಹಿ’ ಎಂಬ ಪದ ಸುರಿಯಬೇಡಿ. ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಹಳೇ ಉತ್ತರ ಅವರ ಬಳಿ ಇರುತ್ತದೆ.

ಎಂ.ಡಿ. ಅವರಿಗೆ ಕೊಡುವ ಪ್ಲಾನ್ ಆರು ಪುಟ ಮೀರದಿರಲಿ. ಈಗಿನ ಅಂಕಿ ಒಂದು ಪುಟ, ಆರಿಸಿದ ಮೂರು ವಿಷಯ, ಅದರ ಗುರಿ, ಪ್ರತಿಯೊಂದಕ್ಕೂ ಹೊಣೆ ಹೊರುವವರ ಹೆಸರು. ಆ ಹೆಸರು ನಿಮ್ಮದಾಗಿರಬಾರದು, ಇದನ್ನು ಗಟ್ಟಿಯಾಗಿ ಹಿಡಿಯಿರಿ. ಕುಲುಮೆಯ ಗ್ಯಾಸ್ ಪ್ರೊಡಕ್ಷನ್ ಹೆಡ್‌ದು, ಲೋಹ ಪರ್ಚೇಸ್‌ದು. ಕೊನೆಯ ಪುಟದಲ್ಲಿ ಎಂ.ಡಿ. ಸಹಿ ಹಾಕಬೇಕಾದ ಮೂರು ನಿರ್ಧಾರ: ಫಾರ್ಮ್‌ನ ಹೊಸ ಕಾಲಂ, ಬೋನಸ್ ಹಾಳೆಯ ಬದಲಾವಣೆ, ಉಳಿತಾಯದ ಮೀಸಲು. ಮೂರರಲ್ಲಿ ಒಂದಕ್ಕೂ ಸಹಿ ಬೀಳದಿದ್ದರೆ ಐದು ವರ್ಷದ ಪ್ಲಾನ್ ಎಂದು ಕರೆಯುವುದು ಬೇಡ, ‘ಈ ವರ್ಷ ಮಾಡುವ ಒಳ್ಳೇ ಕೆಲಸಗಳು’ ಎಂದು ಕರೆಯಿರಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಉತ್ಪಾದನೆ ಇಲ್ಲದ ಮುಂದಿನ ರಜಾದಿನ ಮೆಂಟೆನೆನ್ಸ್‌ನವರೊಬ್ಬರನ್ನು ಕರೆದುಕೊಂಡು ಫ್ಯಾಕ್ಟರಿಗೆ ಹೋಗಿ. ಗಾಳಿ ಬಳಸುವ ಎಲ್ಲ ಯಂತ್ರಗಳೂ ನಿಂತಿರಲಿ, ಕಂಪ್ರೆಸರ್ ಮಾತ್ರ ಓಡಲಿ. ಅದು ಲೋಡ್‌ನಲ್ಲಿ (ಗಾಳಿ ತುಂಬುತ್ತಾ) ಎಷ್ಟು ಹೊತ್ತು ಇರುತ್ತದೆ, ಅನ್‌ಲೋಡ್‌ನಲ್ಲಿ (ಗಾಳಿ ತುಂಬದೆ) ಎಷ್ಟು ಹೊತ್ತು ಇರುತ್ತದೆ ಎಂದು ಗಡಿಯಾರ ಹಿಡಿದು ಹತ್ತು ಸಲ ಬರೆದುಕೊಳ್ಳಿ. ಲೋಡ್ ಹೊತ್ತನ್ನು ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿ. ಯಾರೂ ಗಾಳಿ ಬಳಸದೆ ಇರುವಾಗಲೂ ಕಂಪ್ರೆಸರ್ ದುಡಿಯುತ್ತಿದ್ದರೆ ಅದಷ್ಟೂ ಲೀಕು. ಶೇ. 10ರ ಒಳಗಿದ್ದರೆ ನಿಮ್ಮ ಮೆಂಟೆನೆನ್ಸ್‌ನವರ ಬೆನ್ನು ತಟ್ಟಿ. ಎಷ್ಟು ಬಂತು ಅಂತ ನನಗೂ ಬರೆಯಿರಿ. ಆ ಅಂಕಿ, ಹೋದ ವರ್ಷದ ಕರೆಂಟ್ ಬಿಲ್‌ಗಳು, ರಿಜೆಕ್ಷನ್ ರಿಪೋರ್ಟ್ ಮೂರನ್ನೂ ಇಟ್ಟುಕೊಂಡು ಮುಂದಿನ ಹೆಜ್ಜೆ ಮಾತಾಡೋಣ.